ಕಾಣದ ಕೊಳೆ

ಫೆಬ್ರವರಿ 28, ರಾಷ್ಟ್ರೀಯ ವಿಜ್ಞಾನ ದಿನ. ಪುಣೆಯ ಗಣೇಶಖಿಂಡದಲ್ಲಿರುವ ಖಗೋಳ ವಿಜ್ಞಾನ ಸಂಸ್ಥೆ 'ಆಯುಕಾ' ಅಂದು ಊರಿನವರಿಗೆಲ್ಲ ಬಾಗಿಲು ತೆರೆಯುತ್ತದೆ. ಚಾರ್ಲ್ಸ್ ಕೊರಿಯಾ ರೂಪಿಸಿದ ಕಪ್ಪು ಕಲ್ಲಿನ ಗೋಡೆಗಳನ್ನು ದಾಟಿ ಒಳಗೆ ಹೋದರೆ ಪುಷ್ಕರಣಿಯಂತೆ ಮೆಟ್ಟಿಲಿಳಿಯುವ ಅಂಗಳ; ಅಲ್ಲಿ ಆರ್ಯಭಟ, ಗೆಲಿಲಿಯೊ, ನ್ಯೂಟನ್, ಐನ್‌ಸ್ಟೈನರ ಪ್ರತಿಮೆಗಳು. ಈ ಊರಿನಲ್ಲಿ ನೆಲೆಸಿದ ಕನ್ನಡಿಗನಾದ ನನಗೆ ಆರ್ಯಭಟನ ಮುಂದೆ ನಿಂತಾಗಲೆಲ್ಲ ಬೆಂಗಳೂರಿನ ಪೀಣ್ಯ ನೆನಪಾಗುತ್ತದೆ. ಈ ಎರಡು ಜಾಗಗಳ ನಡುವೆ ಒಂದು ಸಂಬಂಧವಿದೆ. ಅದು ಕೊಳೆಯ ಸಂಬಂಧ, ಅಥವಾ ಕೊಳೆಯನ್ನು ದೂರವಿಡುವ ವಿದ್ಯೆಯ ಸಂಬಂಧ.

ಉಡುಪಿಯ ಬಳಿಯ ಅದಮಾರಿನಲ್ಲಿ 1932ರಲ್ಲಿ ಹುಟ್ಟಿದ ಯು. ಆರ್. ರಾವ್ ಅವರು 1972ರಲ್ಲಿ ಭಾರತದ ಮೊದಲ ಉಪಗ್ರಹವನ್ನು ಕಟ್ಟಲು ಹೊರಟಾಗ ಅವರಿಗೆ ದೊರೆತದ್ದು ಪೀಣ್ಯ ಕೈಗಾರಿಕಾ ಪ್ರದೇಶದ ಕೆಲವು ಶೆಡ್ಡುಗಳು, ಕಲ್ನಾರಿನ ತಗಡಿನ ಮಾಡು. ಸುತ್ತಲೂ ಕಾರ್ಖಾನೆಗಳ ಸದ್ದು ಮತ್ತು ಧೂಳು. ಆ ಶೆಡ್ಡುಗಳ ಒಳಗೇ ಅವರು ಕ್ಲೀನ್ ರೂಮುಗಳನ್ನು ಕಟ್ಟಿಕೊಂಡರು. ಶೌಚಾಲಯವೊಂದನ್ನು ಉಪಗ್ರಹದ ಸಂಕೇತಗಳನ್ನು ಸ್ವೀಕರಿಸುವ ಕೋಣೆಯಾಗಿ ಮಾರ್ಪಡಿಸಿದ ಕಥೆ ಎಲ್ಲರಿಗೂ ಗೊತ್ತಿರುವಂಥದ್ದೇ. ಅದನ್ನು ಕೇಳಿ ನಗುತ್ತೇವೆ. ತಗಡಿನ ಮಾಡಿನಡಿ ಧೂಳಿಲ್ಲದ ಕೋಣೆಯೊಂದನ್ನು ವರ್ಷಗಟ್ಟಲೆ ಕಾಪಾಡಿಕೊಳ್ಳುವುದು ಅದಕ್ಕಿಂತ ಕಷ್ಟದ ಕೆಲಸವಾಗಿತ್ತೆಂಬುದು ಮಾತ್ರ ಯಾರಿಗೂ ಹೊಳೆಯುವುದಿಲ್ಲ. ತಂಡದ ಬಹುಪಾಲು ಜನ ಆಗತಾನೇ ಕಾಲೇಜು ಮುಗಿಸಿ ಬಂದ ಎಳೆಯರು. ಉಪಗ್ರಹವನ್ನು ಮುಟ್ಟುವುದು ಹೇಗೆಂದು ಹೇಳಿಕೊಡಬಲ್ಲ ಗುರುಗಳು ಆಗ ಈ ದೇಶದಲ್ಲಿ ಇರಲಿಲ್ಲ. 1975ರ ಏಪ್ರಿಲ್ 19ರಂದು ಸೋವಿಯತ್ ಒಕ್ಕೂಟದ ಕಾಪುಸ್ತಿನ್ ಯಾರ್‌ನಿಂದ 'ಆರ್ಯಭಟ' ಮೇಲೇರಿತು.

ಆ ಕಾಲದ ಶತ್ರು ಮುಖ್ಯವಾಗಿ ಧೂಳು. ಧೂಳಿಗೆ ಉಪಾಯವೂ ಸಿಕ್ಕಿತ್ತು: 1960ರ ದಶಕದ ಆರಂಭದಲ್ಲಿ ಅಮೆರಿಕದ ಸ್ಯಾಂಡಿಯಾ ಪ್ರಯೋಗಾಲಯದ ವಿಲಿಸ್ ವಿಟ್‌ಫೀಲ್ಡ್, ಸೋಸಿದ ಗಾಳಿಯನ್ನು ಒಂದೇ ದಿಕ್ಕಿನಲ್ಲಿ ಸದಾ ಹರಿಸಿ ಕೋಣೆಯ ಕಣಗಳನ್ನು ತೊಳೆದುಹಾಕುವ ವಿಧಾನವನ್ನು ರೂಪಿಸಿದ್ದ. ಧೂಳಿಗಿಂತ ಸೂಕ್ಷ್ಮವಾದ ಶತ್ರು ಇನ್ನೊಂದಿದೆ. ಅದು ಹೊರಗಿನಿಂದ ಬರುವುದಿಲ್ಲ. ಯಂತ್ರದ ಮೈಯಿಂದಲೇ ಹೊರಡುತ್ತದೆ.

ಹೊಸ ಕಾರಿನ ಗಾಜಿನ ಒಳಮೈಯಲ್ಲಿ ಕೆಲವು ತಿಂಗಳಲ್ಲಿ ಒಂದು ಮಸುಕು ಕೂರುವುದನ್ನು ನೋಡಿರುತ್ತೀರಿ. ಆಸನದ, ಡ್ಯಾಶ್‌ಬೋರ್ಡಿನ ಪ್ಲಾಸ್ಟಿಕ್ಕು ಬಿಸಿಲಿಗೆ ಬಿಡುವ ಆವಿಯೇ ಅದು. ನಿರ್ವಾತದಲ್ಲಿ ಇದೇ ಕ್ರಿಯೆ ಇನ್ನೂ ಬಿರುಸು. ಅಂಟು, ಬಣ್ಣ, ತಂತಿಯ ಹೊದಿಕೆ, ಕೀಲೆಣ್ಣೆ, ಎಲ್ಲವೂ ತಮ್ಮೊಳಗಿನ ಹಗುರ ಅಣುಗಳನ್ನು ಬಿಟ್ಟುಕೊಡುತ್ತವೆ. ಆ ಅಣುಗಳು ತಣ್ಣಗಿರುವ ಜಾಗವನ್ನು ಹುಡುಕಿ ಕೂರುತ್ತವೆ. ದೂರದರ್ಶಕದಲ್ಲಿ ಎಲ್ಲಕ್ಕಿಂತ ತಣ್ಣಗಿರುವುದು ಸಾಮಾನ್ಯವಾಗಿ ಚಿತ್ರವನ್ನು ಹಿಡಿಯುವ ಸಂವೇದಕವೇ. ನಮ್ಮ ಕಣ್ಣಿಗೆ ಕಾಣುವ ಬೆಳಕಾದರೆ ತೆಳುವಾದ ಪೊರೆಯನ್ನು ದಾಟಿ ಹೋದೀತು. ಅತಿನೇರಳೆ ಬೆಳಕು ಹಾಗಲ್ಲ: ಕೆಲವೇ ನ್ಯಾನೋಮೀಟರ್ ದಪ್ಪದ ಸಾವಯವ ಪೊರೆಯೂ ಅದನ್ನು ನುಂಗಬಲ್ಲದು. ಕೂದಲೆಳೆಯೊಂದರ ದಪ್ಪ ಸುಮಾರು 80,000 ನ್ಯಾನೋಮೀಟರ್ ಎಂಬುದನ್ನು ನೆನೆದರೆ ಅಂದಾಜು ಸಿಗುತ್ತದೆ.

1984ರ ಏಪ್ರಿಲ್‌ನಲ್ಲಿ ಅಮೆರಿಕದ ನಾಸಾ ಕಕ್ಷೆಯಲ್ಲಿ ಬಿಟ್ಟಿದ್ದ 'ಎಲ್‌ಡೆಫ್' ಎಂಬ ಉಪಗ್ರಹದ ಕೆಲಸವೇ ಬಗೆಬಗೆಯ ವಸ್ತುಗಳನ್ನು ಅಂತರಿಕ್ಷಕ್ಕೆ ಒಡ್ಡುವುದಾಗಿತ್ತು. ಸುಮಾರು ಒಂದು ವರ್ಷಕ್ಕೆಂದು ಹೋದದ್ದು 1990ರ ಜನವರಿಯಲ್ಲಿ ಮರಳಿತು. ಅದರ ಮೈಯ ಹಲವೆಡೆ ಕಂದು ಬಣ್ಣದ ಕಲೆ ಹರಡಿತ್ತು. ಉಪಗ್ರಹವು ತನ್ನದೇ ಉಸಿರಿನಿಂದ ಕೊಳೆಯಾಗಿತ್ತು.

ಹೀಗಾಗಿ ಪ್ರತಿ ವಸ್ತುವನ್ನೂ ಮೊದಲೇ ಪರೀಕ್ಷಿಸಬೇಕು. ಲೋಕವೆಲ್ಲ ಬಳಸುವ ಪರೀಕ್ಷೆ ಸರಳವಾಗಿದೆ. ವಸ್ತುವಿನ ಚೂರನ್ನು ನಿರ್ವಾತದಲ್ಲಿ 125 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ 24 ಗಂಟೆ ಇಡುವುದು. ಎದುರಿಗೆ 25 ಡಿಗ್ರಿಯ ತಣ್ಣನೆಯ ತಟ್ಟೆಯೊಂದನ್ನು ಇಡುವುದು. ಇಡ್ಲಿ ಪಾತ್ರೆಯ ಮುಚ್ಚಳದಡಿ ಬೆವರು ಕೂರುವಂತೆ ಆವಿ ತಟ್ಟೆಯ ಮೇಲೆ ಕೂರುತ್ತದೆ. ವಸ್ತು ಕಳೆದುಕೊಂಡ ತೂಕ ಶೇಕಡ 1ನ್ನು ಮೀರಬಾರದು, ತಟ್ಟೆಯ ಮೇಲೆ ಕೂತದ್ದು ಶೇಕಡ 0.1ನ್ನು ಮೀರಬಾರದು. ಸಾಮಾನ್ಯ ಉಪಗ್ರಹಕ್ಕೆ ಇಷ್ಟು ಸಾಕು. ಅತಿನೇರಳೆ ದೂರದರ್ಶಕಕ್ಕೆ ಇದು ಬರೀ ಹೊಸ್ತಿಲು.

ಭಾರತ ಈ ಹೊಸ್ತಿಲನ್ನು ದಾಟಿದ್ದು 'ಆಸ್ಟ್ರೋಸ್ಯಾಟ್' ಉಪಗ್ರಹದ ಅತಿನೇರಳೆ ದೂರದರ್ಶಕ, ಯೂವಿಟ್, ಕಟ್ಟುವಾಗ. ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆ ಹೊಸಕೋಟೆಯ ತನ್ನ ಆವರಣದಲ್ಲಿ ಎಂ. ಜಿ. ಕೆ. ಮೆನನ್ ಹೆಸರಿನ ಪ್ರಯೋಗಾಲಯವನ್ನು ಕಟ್ಟಿ, ಅದರ ಕ್ಲೀನ್ ರೂಮಿನಲ್ಲಿ ಯೂವಿಟ್ ಅನ್ನು ಜೋಡಿಸಿತು. ಆ ಕೆಲಸದ ಮುಂಚೂಣಿಯಲ್ಲಿದ್ದ ಎಸ್. ಎನ್. ಟಂಡನ್ ಪುಣೆಯ ಆಯುಕಾದವರು. ಕಾಗದದ ಮೇಲೆ ಇವು ಎರಡು ಸಂಸ್ಥೆಗಳು. ಕೈಗಳ ಲೆಕ್ಕದಲ್ಲಿ ಒಂದೇ ಮನೆತನ. 2015ರ ಸೆಪ್ಟೆಂಬರ್ 28ರಂದು ಆಸ್ಟ್ರೋಸ್ಯಾಟ್ ಶ್ರೀಹರಿಕೋಟಾದಿಂದ ಹೊರಟಿತು. ದೂರದರ್ಶಕ ಕಕ್ಷೆಯಲ್ಲಿದೆ, ಜನ ಕಾಯುತ್ತಿದ್ದಾರೆ, ಆದರೂ ಅದರ ಮುಚ್ಚಳವನ್ನು ತೆರೆದದ್ದು ನವೆಂಬರ್ 30ರಂದು! ಉಪಗ್ರಹದ ಮೈಯಿಂದ ಹೊರಡುವ ಆವಿ ಅಂತರಿಕ್ಷದಲ್ಲಿ ಚದುರಿ ಹೋಗಲಿ ಎಂದು ಎರಡು ತಿಂಗಳು ಕಾದರು. ಹತ್ತು ವರ್ಷಕ್ಕೂ ಮೀರಿ ದುಡಿದವರು ಗೆದ್ದ ಮೇಲೂ ಎರಡು ತಿಂಗಳು ಕಣ್ಣು ಮುಚ್ಚಿ ಕೂರುವ ಈ ಸಂಯಮ ನನಗೆ ಉಡಾವಣೆಗಿಂತ ದೊಡ್ಡದೆನಿಸುತ್ತದೆ.

ಮುಂದಿನ ಪಾಠ ಪುಣೆಯದೇ. ಸೂರ್ಯನನ್ನು ನೋಡಲು ಹೊರಟ ಆದಿತ್ಯ-ಎಲ್1ರ ಏಳು ಉಪಕರಣಗಳಲ್ಲಿ ಒಂದಾದ 'ಸೂಟ್' ದೂರದರ್ಶಕವನ್ನು ಆಯುಕಾದ ದುರ್ಗೇಶ್ ತ್ರಿಪಾಠಿ ಮತ್ತು ಎ. ಎನ್. ರಾಮಪ್ರಕಾಶ್ ಅವರ ಮುಂದಾಳುತನದಲ್ಲಿ ಕಟ್ಟಲಾಯಿತು. ಇಸ್ರೊ ಜೊತೆಗಿತ್ತು, ಮಣಿಪಾಲದ ವಿಶ್ವವಿದ್ಯಾಲಯ, ಕೋಲ್ಕತ್ತ, ಉದಯಪುರ, ತೇಜಪುರ, ಬೆಂಗಳೂರುಗಳ ಸಂಸ್ಥೆಗಳೂ ಕೈಗೂಡಿಸಿದವು. 200ರಿಂದ 400 ನ್ಯಾನೋಮೀಟರ್ ತರಂಗಾಂತರದ ಬೆಳಕು, 11 ಶೋಧಕಗಳು. ಭೂಮಿಯ ಓಜೋನ್ ಪದರ ಈ ಬೆಳಕಿನ ಹೆಚ್ಚಿನ ಪಾಲನ್ನು ತಡೆಯುವುದರಿಂದ ನೆಲದ ಮೇಲೆ ನಿಂತು ಇದನ್ನು ನೋಡುವಂತಿಲ್ಲ. ಯೂವಿಟ್‌ಗೆ ಇಲ್ಲದ ತೊಡಕೊಂದು ಸೂಟ್‌ಗಿತ್ತು. ಯೂವಿಟ್ ನಕ್ಷತ್ರಗಳನ್ನು ನೋಡುವಾಗ ಸೂರ್ಯನಿಂದ ಮುಖ ತಿರುಗಿಸಿಕೊಂಡಿರುತ್ತದೆ. ಸೂಟ್ ಸೂರ್ಯನನ್ನೇ ದಿಟ್ಟಿಸಬೇಕು. ಗಾಜಿನ ಮೇಲೆ ಕೂತ ಅಣುಗಳ ಮೇಲೆ ಸೂರ್ಯನ ಅತಿನೇರಳೆ ಕಿರಣ ಬಿದ್ದರೆ ಅವು ಒಂದಕ್ಕೊಂದು ಹೆಣೆದುಕೊಂಡು ಸುಟ್ಟ ಎಣ್ಣೆಯಂತೆ ಕಚ್ಚಿಬಿಡುತ್ತವೆ. ಬಾಣಲೆಯ ಅಂಚಿಗೆ ಕಚ್ಚಿದ ಜಿಡ್ಡನ್ನು ಉಜ್ಜಿದವರಿಗೆ ಇದು ಗೊತ್ತು. ಭೂಮಿಯಿಂದ 15 ಲಕ್ಷ ಕಿಲೋಮೀಟರ್ ದೂರಕ್ಕೆ ಹೋಗಿ ಉಜ್ಜುವವರಾರು?

ಇಲ್ಲಿಗೆ ವಿದ್ಯಾರ್ಥಿಗಳ ಮಾತು ಬರುತ್ತದೆ. 1988ರಲ್ಲಿ ಸ್ಥಾಪನೆಯಾಗಿ ಜಯಂತ ನಾರ್ಳೀಕರರ ನೇತೃತ್ವದಲ್ಲಿ ಬೆಳೆದ ಆಯುಕಾದಲ್ಲಿ ಸಂಶೋಧನೆಗೆ ಸೇರಿದವರು ಮೊದಲು ನೆರೆಯ ರೇಡಿಯೊ ಖಗೋಳ ಕೇಂದ್ರದ ಜೊತೆಗೂಡಿ ನಡೆಸುವ ತರಗತಿಗಳಲ್ಲಿ ಓದುತ್ತಾರೆ. ಅವರು ಬಂದಿರುವುದು ಖಭೌತ ವಿಜ್ಞಾನ ಕಲಿಯಲು. ನಕ್ಷತ್ರಗಳ ಒಡಲು, ಗೆಲಾಕ್ಸಿಗಳ ಚಲನೆ ಅವರ ಪಾಠ. ಉಪಕರಣದ ತಂಡಕ್ಕೆ ಸೇರಿದವನು ಕಲಿಯಬೇಕಾದ್ದು ಬೇರೆಯದೇ. ಟೋಪಿ, ಮುಖವಾಡ, ಮೈಮುಚ್ಚುವ ಅಂಗಿ, ಕೈಚೀಲಗಳನ್ನು ಯಾವ ಕ್ರಮದಲ್ಲಿ ತೊಡಬೇಕು. ಒರೆಸುವ ಬಟ್ಟೆಯನ್ನು ಒಂದೇ ದಿಕ್ಕಿಗೆ ಎಳೆದು, ಪ್ರತಿ ಸಲ ಹೊಸ ಮಡಿಕೆ ಬಳಸುವುದು ಏಕೆ. ತಿರುಪನ್ನೂ ತಂತಿಯನ್ನೂ ಜೋಡಣೆಗೆ ಮೊದಲೇ ನಿರ್ವಾತದಲ್ಲಿ ಹೇಗೆ ಬೇಯಿಸಿ ಆವಿ ಹೊರಡಿಸಬೇಕು. ಒಣ ನೈಟ್ರೋಜನ್ ಹರಿವು ನಿಂತರೆ ಏನಾಗುತ್ತದೆ. ಉಪಕರಣದ ಪಕ್ಕದಲ್ಲಿ 'ಸಾಕ್ಷಿ' ಗಾಜುಗಳನ್ನು ಇಡುತ್ತಾರೆ. ಉಪಕರಣದ ಕನ್ನಡಿಯನ್ನು ಮುಟ್ಟಿ ಪರೀಕ್ಷಿಸುವಂತಿಲ್ಲ. ಅದೇ ಗಾಳಿಯನ್ನು ಉಂಡ ಸಾಕ್ಷಿಯನ್ನು ಪರೀಕ್ಷಿಸಿ ಕನ್ನಡಿಯ ಸ್ಥಿತಿಯನ್ನು ಊಹಿಸಬೇಕು.

ಇದನ್ನೆಲ್ಲ ಕೇಳಿದಾಗ ನನಗೆ ನೆನಪಾದದ್ದು ಅಜ್ಜಿಯ ಮಡಿ. ಉಟ್ಟ ಬಟ್ಟೆಯ ನಿಯಮ, ಮುಟ್ಟಬಾರದ ವಸ್ತುಗಳ ಪಟ್ಟಿ, ಒಮ್ಮೆ ತಪ್ಪಿದರೆ ಮೊದಲಿನಿಂದ ಶುರು. ಹೋಲಿಕೆ ಅಲ್ಲಿಗೇ ನಿಲ್ಲಬೇಕು. ಮಡಿ ಮನುಷ್ಯರಲ್ಲಿ ಭೇದ ಎಣಿಸುತ್ತದೆ. ಕ್ಲೀನ್ ರೂಮಿನ ಪಾಲಿಗೆ ಎಲ್ಲ ಮನುಷ್ಯರೂ ಒಂದೇ ಸಮ ಕೊಳಕರು. ನಿರ್ದೇಶಕರ ಚರ್ಮದಿಂದಲೂ ವಿದ್ಯಾರ್ಥಿಯ ಚರ್ಮದಿಂದಲೂ ಅವೇ ಹೊಟ್ಟುಗಳು ಉದುರುತ್ತವೆ.

ಈ ತರಬೇತಿಯ ಕಷ್ಟ ಬೇರೆ ಕಡೆ ಇದೆ. ಶೋಧಕವೊಂದರ ಗುಣವನ್ನು ಅಳೆದವನಿಗೆ ಒಂದು ಗ್ರಾಫ್ ಸಿಗುತ್ತದೆ, ಪ್ರಬಂಧಕ್ಕೊಂದು ಅಧ್ಯಾಯವಾಗುತ್ತದೆ. ಕೊಳೆಯನ್ನು ತಡೆದವನಿಗೆ ಸಿಗುವ ಫಲಿತಾಂಶ ಸೊನ್ನೆ. ಆ ಸೊನ್ನೆಗಾಗಿ ಇಪ್ಪತ್ತರ ಹರೆಯದ ಒಂದೆರಡು ವರ್ಷಗಳನ್ನು ಕೊಟ್ಟವನು ಹುದ್ದೆಯ ಸಂದರ್ಶನದಲ್ಲಿ ಅದನ್ನು ತೋರಿಸುವುದು ಹೇಗೆ? ವಿಜ್ಞಾನದ ಲೆಕ್ಕಪುಸ್ತಕದಲ್ಲಿ ಈ ದುಡಿಮೆಗೆ ಕಾಲಂ ಇಲ್ಲ. ಇದ್ದಿದ್ದರೆ ಕೈಯಿಂದ ಕೈಗೆ ದಾಟುವ ಈ ವಿದ್ಯೆ ಪ್ರತಿ ತಂಡ ಚದುರಿದಾಗಲೂ ಅರ್ಧ ಕಳೆದುಹೋಗುವ ಭಯ ಇರುತ್ತಿರಲಿಲ್ಲ. ಬಡ ದೇಶಗಳ ಸಮಸ್ಯೆ ಇದೆಂದು ತಿಳಿಯಬೇಡಿ. ಯುರೋಪಿನ 'ಯೂಕ್ಲಿಡ್' ದೂರದರ್ಶಕ 2023ರ ಜುಲೈನಲ್ಲಿ ಹೋಯಿತು; ಅದೇ ನವೆಂಬರ್‌ನಲ್ಲಿ ನಕ್ಷತ್ರಗಳ ಬೆಳಕು ಕುಂದುತ್ತಿರುವುದು ಕಾಣಿಸಿತು. ಕನ್ನಡಿಗಳ ಮೇಲೆ ಕೂತ ತೆಳು ಹಿಮದ ಪೊರೆಯೇ ಕಾರಣವೆಂದು ಶಂಕಿಸಿ, 2024ರ ಮಾರ್ಚ್‌ನಲ್ಲಿ ಒಂದು ಕನ್ನಡಿಯನ್ನು ಸುಮಾರು 34 ಡಿಗ್ರಿಯಷ್ಟು ಬೆಚ್ಚಗಾಗಿಸಿದ ಮೇಲೆ ದೃಷ್ಟಿ ಮರಳಿತು.

ಆದಿತ್ಯ-ಎಲ್1 2023ರ ಸೆಪ್ಟೆಂಬರ್ 2ರಂದು ಹೊರಟಿತು. ಅದನ್ನು ಕಟ್ಟಿದ ಬೆಂಗಳೂರಿನ ಕೇಂದ್ರ ಪೀಣ್ಯದ ಆ ಶೆಡ್ಡುಗಳ ವಾರಸುದಾರ. ಈಗ ಅದರ ಹೆಸರು ಯು. ಆರ್. ರಾವ್ ಉಪಗ್ರಹ ಕೇಂದ್ರ. ಸೂಟ್‌ಗೂ ಕಾಯುವ ಸರದಿ ಬಂತು. ಅದಕ್ಕೆ ವಿದ್ಯುತ್ ಕೊಟ್ಟದ್ದು ನವೆಂಬರ್ 20ರಂದು, ಮೊದಲ ಚಿತ್ರಗಳು ಬಂದದ್ದು ಡಿಸೆಂಬರ್ 6ರಂದು. ಹನ್ನೊಂದು ಶೋಧಕಗಳಿಂದ ಹನ್ನೊಂದು ಸೂರ್ಯರು: ಒಂದರಲ್ಲಿ ನುಣುಪು ಬಿಲ್ಲೆ, ಇನ್ನೊಂದರಲ್ಲಿ ಮೆಗ್ನೀಸಿಯಮ್‌ನ ಬೆಳಕಿನಲ್ಲಿ ಕುದಿಯುವ ಹೊದಿಕೆ. 2024ರ ಫೆಬ್ರವರಿ 22ರಂದು ಸೂರ್ಯನಲ್ಲಿ ಭಾರೀ ಜ್ವಾಲೆಯೊಂದು ಸಿಡಿದಾಗ, ಅದರ ಕೆಳಪದರದ ಹೊಳಪನ್ನು ಸೂಟ್ ಈ ತರಂಗಾಂತರಗಳಲ್ಲಿ ಸ್ಪಷ್ಟವಾಗಿ ಹಿಡಿಯಿತು. ಮುಂದಿನ ವಿಜ್ಞಾನ ದಿನ ಆ ಅಂಗಳಕ್ಕೆ ಹೋದವರು ಈ ಚಿತ್ರಗಳ ಮುಂದೆ ನಿಂತಾಗ, ಅಲ್ಲಿರುವ ಯಾವುದಾದರೂ ವಿದ್ಯಾರ್ಥಿಯನ್ನು ಸಾಕ್ಷಿ ಗಾಜುಗಳ ಬಗ್ಗೆ ಕೇಳಿನೋಡಿ.