ಕುಣಿತಕ್ಕೂ ಚರಿತ್ರೆಯಿದೆ

ಚಾಮರಾಜನಗರದಿಂದ ಸತ್ಯಮಂಗಲಕ್ಕೆ ಹೋಗುವ ದಾರಿಯಲ್ಲಿ, ಕಾಡಿನ ಅಂಚಿಗೆ ಪುಣಜನೂರು ಇದೆ. ಆ ಸೀಮೆಯ ಪೋಡುಗಳಲ್ಲಿ ಸೋಲಿಗರು ರೊಟ್ಟಿ ಹಬ್ಬದಂದು ಹಾಡಿ ಕುಣಿಯುವ ಗೊರುಕನವನ್ನು ನಾವಿಂದು ಜಾನಪದವೆಂದು ಗೌರವಿಸುತ್ತೇವೆ. ಆದರೆ ಜಾತ್ರೆ, ಮೆರವಣಿಗೆಗಳ ಡಿಜೆ ಎಂದೊಡನೆ ನಮಗೆ ನೆನಪಾಗುವುದು ಗದ್ದಲ ಮತ್ತು ಪೊಲೀಸರ ಅನುಮತಿ ಮಾತ್ರ. ಯಂತ್ರದಿಂದ ಹುಟ್ಟಿದ ಕುಣಿತದ ಸಂಗೀತಕ್ಕೂ ಚರಿತ್ರೆಯುಂಟು, ಅದನ್ನು ಶ್ರದ್ಧೆಯಿಂದ ಬರೆಯುವ ವಿದ್ವಾಂಸರೂ ಇದ್ದಾರೆ ಎಂಬುದು ನಮ್ಮ ಗಮನಕ್ಕೆ ಬಂದಿಲ್ಲ.

ಈ ಚರಿತ್ರೆಯ ಒಂದು ಪುಟ ಮುಂಬೈಯದು. ಹಿಂದಿ ಸಿನಿಮಾಗಳಿಗೆ ವಾದ್ಯ ನುಡಿಸುತ್ತಿದ್ದ ಚರಣ್‌ಜಿತ್ ಸಿಂಗ್ 1982ರಲ್ಲಿ ಹತ್ತು ರಾಗಗಳನ್ನು ಸಿಂಥೆಸೈಸರ್‌ನಲ್ಲಿ ನುಡಿಸಿ, ಯಂತ್ರದ ಡಿಸ್ಕೊ ತಾಳ ಕೂಡಿಸಿ ಧ್ವನಿಮುದ್ರಿಕೆ ತಂದರು. ಅದು ಮಾರಾಟವಾಗಲಿಲ್ಲ, ಜನ ಮರೆತರು. ಅವರು ಬಳಸಿದ ಜಪಾನಿ ಯಂತ್ರಗಳಲ್ಲೊಂದನ್ನು ಹಿಡಿದು ಅಮೆರಿಕದ ಷಿಕಾಗೋದ ಕರಿಯ ಯುವಕರು 'ಆಸಿಡ್ ಹೌಸ್' ಎಂಬ ಹೊಸ ಸಂಗೀತದ ಮುದ್ರಿಕೆ ತಂದದ್ದು 1987ರಲ್ಲಿ. ಡಚ್ ಸಂಗ್ರಾಹಕ ಎಡೊ ಬೌಮನ್ 2010ರಲ್ಲಿ ಮುಂಬೈಯ ಮುದ್ರಿಕೆಯನ್ನು ಮತ್ತೆ ಹೊರತಂದಾಗಲೇ ಜಗತ್ತು ಬೆರಗಾಯಿತು. ಹಾಗೆಂದು ಎಲ್ಲವೂ ನಮ್ಮಿಂದಲೇ ಶುರುವಾಯಿತೆಂದು ಬೀಗುವಂತಿಲ್ಲ. ಷಿಕಾಗೋದವರು ಅದನ್ನು ಕೇಳಿದ್ದರೆಂಬುದಕ್ಕೆ ಆಧಾರವಿಲ್ಲ. ಹೆಮ್ಮೆಗೂ ಚರಿತ್ರೆಗೂ ಇರುವ ಅಂತರವನ್ನು ತೋರಿಸುವುದೇ ಸಂಶೋಧನೆ.

ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ 1969ರಲ್ಲೇ ಎಲೆಕ್ಟ್ರಾನಿಕ್ ಸಂಗೀತದ ಸ್ಟುಡಿಯೊ ಇತ್ತು. ಅಲ್ಲಿನ ಟೇಪುಗಳನ್ನು ಬ್ರಿಟನ್ನಿನ ಪಾಲ್ ಪರ್ಗಸ್ ಹುಡುಕಿ ತೆಗೆದದ್ದು ಸುಮಾರು ಅರ್ಧ ಶತಮಾನದ ನಂತರ. ಟೇಪು ಉಳಿದಿತ್ತು, ಆದ್ದರಿಂದ ಚರಿತ್ರೆಯೂ ಉಳಿಯಿತು.

ಹುಡುಕುವವರಿಗೆ ದಾರಿಗಳಿವೆ. 'ಡಾನ್ಸ್‌ಕಲ್ಟ್' ಎಂಬ ಸಂಶೋಧನಾ ಪತ್ರಿಕೆ 2009ರಲ್ಲಿ ಈ ಸಂಗೀತಕ್ಕೆಂದೇ ಆರಂಭವಾಯಿತು. ನೆರೆಯ ಗೋವಾದ ಕಡಲತೀರದಲ್ಲಿ ಕುಣಿಯುವವರ ನಡುವೆಯೂ ಬಿಳಿಯರು, ಭಾರತೀಯರು ಎಂಬ ಗೆರೆ ಹೇಗೆ ಬೀಳುತ್ತದೆಂದು ಅರುಣ್ ಸಲ್ಡಾನಾ 2007ರ ಪುಸ್ತಕದಲ್ಲಿ ತೋರಿಸಿದರು. ಉತ್ತರ ಭಾರತದಲ್ಲಿ ಅಗ್ಗದ ಕ್ಯಾಸೆಟ್ಟು ದೊಡ್ಡ ಕಂಪನಿಯ ಏಕಸ್ವಾಮ್ಯ ಮುರಿದ ಕತೆಯನ್ನು ಪೀಟರ್ ಮ್ಯಾನುಯೆಲ್ 1993ರಲ್ಲೇ ಬರೆದರು.

ನಮ್ಮ ಕಡೆ ಮಾದಪ್ಪನ ಹಾಡಿಗೆ ಯಂತ್ರದ ತಾಳ ಹಾಕಿದವರು ಯಾರು? ಮೊದಲು ಸೌಂಡ್ ಬಾಕ್ಸ್ ತಂದವರು ಯಾರು? ಮೂಲ ಗಾಯಕರಿಗೆ ಏನಾದರೂ ದಕ್ಕಿತೇ? ಇದೆಲ್ಲ ಇಂದು ಪೆನ್‌ಡ್ರೈವ್‌ಗಳಲ್ಲೂ ಮೊಬೈಲುಗಳಲ್ಲೂ ಇದೆ. ಅವು ಕೆಟ್ಟರೆ ಅಳಿಸಿಹೋಗುತ್ತದೆ. 2011ರಲ್ಲಿ ಸ್ಥಾಪನೆಯಾದ ಜಾನಪದ ವಿಶ್ವವಿದ್ಯಾಲಯವಿರುವ ನಾಡಿನಲ್ಲಿ ಈ ಪ್ರಶ್ನೆಗಳನ್ನು ಕೀಳೆಂದು ತಳ್ಳಬೇಕಿಲ್ಲ. ಗದ್ದಲದ ಬಗ್ಗೆ ದೂರು ಕೊಡುವ ಹಕ್ಕು ನಮಗಿದೆ. ಹಾಗೆಯೇ ಹಾಡಿದವರ ಹೆಸರು, ಊರು, ಇಸವಿ ಬರೆದಿಡುವ ಹೊಣೆಯೂ ನಮ್ಮದೇ.