ಪುರ ಗ್ರಾಮ ಕಲಿಸಿದ ಎಂಜಿನಿಯರಿಂಗ್ ಪಾಠ

ಎಂಜಿನಿಯರಿಂಗ್ ಶಿಕ್ಷಣವು ಸಮಾಜದ ಜಟಿಲ ಸಮಸ್ಯೆಗಳಿಗೆ ಸ್ಪಂದಿಸಬೇಕೆಂಬ ಮಾತು ಇಂದು ಎಲ್ಲೆಡೆ ಕೇಳಿಬರುತ್ತಿದೆ. ಕರ್ನಾಟಕದಲ್ಲಿ ಈ ದಿಸೆಯ ಪ್ರಯತ್ನಕ್ಕೆ ಅರ್ಧ ಶತಮಾನದ ಇತಿಹಾಸವಿದೆ.

1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ‘ಅಸ್ತ್ರ’ ಎಂಬ ಘಟಕ ಪ್ರಾರಂಭವಾಯಿತು. ಗ್ರಾಮೀಣ ಪ್ರದೇಶಗಳಿಗೆ ವಿಜ್ಞಾನ ಮತ್ತು ತಂತ್ರಜ್ಞಾನವನ್ನು ಅನ್ವಯಿಸುವುದು ಅದರ ಉದ್ದೇಶ. ಇದರ ರೂವಾರಿ ಪ್ರೊ. ಅಮೂಲ್ಯ ರೆಡ್ಡಿ ಮೂಲತಃ ವಿದ್ಯುದ್ರಸಾಯನ ವಿಜ್ಞಾನಿ. ತುಮಕೂರು ಜಿಲ್ಲೆಯ ಉಂಗ್ರದಲ್ಲಿ ವಿಸ್ತರಣಾ ಕೇಂದ್ರ ತೆರೆದು, ಸುತ್ತಲಿನ ಹಳ್ಳಿಗಳಲ್ಲಿ ಶಕ್ತಿಯ ಬಳಕೆಯನ್ನು ಅಳೆಯಲಾಯಿತು. ಶಕ್ತಿಯ ಬಹುಪಾಲು ಸೌದೆಯಿಂದ ಬರುತ್ತದೆ, ಸೌದೆ ಮತ್ತು ನೀರನ್ನು ಹೊರುವ ಶ್ರಮ ಹೆಚ್ಚಾಗಿ ಹೆಂಗಸರು ಮತ್ತು ಮಕ್ಕಳದು ಎಂಬುದು ಅಂಕಿಗಳಿಂದ ಸ್ಪಷ್ಟವಾಯಿತು.

ಸಮೀಪದ ಪುರ ಗ್ರಾಮದಲ್ಲಿ ಊರಿನ ಸಗಣಿಯನ್ನೆಲ್ಲ ಸೇರಿಸಿ ಅಡುಗೆಗೆ ಜೈವಿಕ ಅನಿಲ ಒದಗಿಸುವ ಮೊದಲ ಪ್ರಯತ್ನ ಫಲಿಸಲಿಲ್ಲ. ದೊರೆಯುವ ಸಗಣಿಯಿಂದ ಎಲ್ಲ ಮನೆಗಳ ಅಡುಗೆಗೆ ಸಾಕಾಗುವಷ್ಟು ಅನಿಲ ಬರುತ್ತಿರಲಿಲ್ಲ. ಆಗ ತಂತ್ರಜ್ಞರು ಜನರ ಅಗತ್ಯವನ್ನು ಮತ್ತೆ ಪರಿಶೀಲಿಸಿದರು. ಊರಿಗೆ ಮೊದಲು ಬೇಕಾಗಿದ್ದುದು ಕುಡಿಯುವ ನೀರು. 1987ರಿಂದ ಅನಿಲಕ್ಕೆ ಸ್ವಲ್ಪ ಡೀಸೆಲ್ ಜೊತೆಗೂಡಿಸಿ ಎಂಜಿನ್ ನಡೆಸಿ, ವಿದ್ಯುತ್ ಉತ್ಪಾದಿಸಿ, ಕೊಳವೆಬಾವಿಯ ನೀರನ್ನು ನಲ್ಲಿಗಳಿಗೆ ಹರಿಸಲಾಯಿತು. ಮನೆಗಳಿಗೆ ದೀಪವೂ ಬಂತು. ಸಗಣಿ ತಂದವರಿಗೆ ಹಣ ಸಿಗುತ್ತಿತ್ತು, ಉಳಿದ ರಾಡಿ ಗೊಬ್ಬರವಾಗಿ ಹಿಂದಿರುಗುತ್ತಿತ್ತು. ಊರಿನ ಯುವಕರೇ ಸ್ಥಾವರವನ್ನು ನೋಡಿಕೊಂಡರು.

ಈ ದೃಷ್ಟಿ ಕಾಲೇಜುಗಳಿಗೂ ಬಂತು. 1975ರಲ್ಲಿ ಸ್ಥಾಪನೆಯಾದ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯು ಅಂತಿಮ ವರ್ಷದ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಪ್ರಾಜೆಕ್ಟ್‌ಗಳಿಗೆ ಧನಸಹಾಯ ನೀಡುವ ಯೋಜನೆಯನ್ನು ಎಪ್ಪತ್ತರ ದಶಕದಲ್ಲೇ ಆರಂಭಿಸಿತು. ಆದರೆ ವರ್ಷದ ಕೊನೆಯ ಒಂದು ಪ್ರಾಜೆಕ್ಟ್‌ನಿಂದಷ್ಟೇ ಶಿಕ್ಷಣ ಬದಲಾಗುವುದಿಲ್ಲ. ಪಠ್ಯಪುಸ್ತಕದ ಲೆಕ್ಕದಲ್ಲಿ ಬೇಕಾದ ಅಂಕಿಗಳೆಲ್ಲ ಮೊದಲೇ ಕೊಟ್ಟಿರುತ್ತವೆ. ಪುರದಲ್ಲಿ ಲೆಕ್ಕವನ್ನೇ ಹುಡುಕಬೇಕಾಯಿತು.

ನಮ್ಮ ರಾಯಚೂರು ಜಿಲ್ಲೆಯನ್ನು ನೋಡಿ. ಇಲ್ಲಿನ ಹಲವು ಹಳ್ಳಿಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಪ್ರಮಾಣವು ಲೀಟರಿಗೆ 1.5 ಮಿಲಿಗ್ರಾಂ ಎಂಬ ಗರಿಷ್ಠ ಮಿತಿಯನ್ನು ದಾಟುತ್ತದೆ. ಹಲ್ಲು, ಮೂಳೆಗಳಿಗೆ ಇದರಿಂದ ಹಾನಿ. ಆರ್.ಓ. ಶುದ್ಧೀಕರಣದ ತತ್ತ್ವ ವಿದ್ಯಾರ್ಥಿಗೆ ಗೊತ್ತು. ಆದರೆ ಹೊರಬೀಳುವ ಫ್ಲೋರೈಡ್‌ಭರಿತ ನೀರನ್ನು ಎಲ್ಲಿ ಬಿಡುವುದು? ಪೊರೆ ಹಾಳಾದರೆ ಹಣ ಯಾರು ಕೊಡುವುದು? ಕೂಲಿಗೆ ಹೋಗುವ ತಾಯಿ ಯಾವ ಹೊತ್ತಿಗೆ ನೀರಿಗೆ ಬರಲು ಸಾಧ್ಯ? ದೇವದುರ್ಗ ತಾಲ್ಲೂಕಿನ ಜಾಲಹಳ್ಳಿಯಂಥ ಊರಿನಲ್ಲಿ ಇವುಗಳನ್ನು ಕೇಳಿ, ಅಳೆದು ಬರುವುದು ಮೊದಲ ವರ್ಷದ ಪಾಠವಾಗಬೇಕು. ಅದಕ್ಕೆ ಅಂಕಗಳೂ ಇರಬೇಕು. ಆಗ ವಿನ್ಯಾಸವು ಹಾಳೆಯ ಮೇಲೆ ಉಳಿಯದೆ ಊರಿನ ನಲ್ಲಿಯವರೆಗೆ ತಲುಪುತ್ತದೆ.