ಕುರುಡವ್ವನ ಬೇರು, ರಾಣಿಯ ಆಣೆ

ಮಗ ಹೆಂಡತಿಯ ಮಾತು ಹೆಚ್ಚು ಕೇಳತೊಡಗಿದರೆ ‘ಅವಳು ಮದ್ದು ಹಾಕಿದಾಳೆ’ ಎಂದು ಪಿಸುಗುಡುವುದು ಚನ್ನಗಿರಿ ಸೀಮೆಯ ನಲ್ಲೂರಿನಂಥ ಊರುಗಳಿಗೆ ಹೊಸದಲ್ಲ. ನಾಡಿನ ಬಹುಭಾಗಕ್ಕೂ ಹೊಸದಲ್ಲ. ಮದ್ದು ಹಾಕುವವರಿದ್ದಾರೆ ಎಂಬ ನಂಬಿಕೆಯ ಜೊತೆಗೇ ವಾಂತಿ ಮಾಡಿಸಿ ಅದನ್ನು ತೆಗೆಯುವವರೂ ಹುಟ್ಟಿಕೊಂಡಿದ್ದಾರೆ. ಗಿರೀಶ ಕಾರ್ನಾಡರ ‘ನಾಗಮಂಡಲ’ವನ್ನು (1988) ನಾನು ಈ ಮಾತಿನ ಬೆಳಕಿನಲ್ಲಿ ಓದುತ್ತೇನೆ. ನಾಟಕವನ್ನೂ, ಟಿ.ಎಸ್. ನಾಗಾಭರಣರು 1997ರಲ್ಲಿ ಮಾಡಿದ ಅದರ ಸಿನಿಮಾವನ್ನೂ ಸಾಮಾನ್ಯವಾಗಿ ಹೆಣ್ಣಿನ ಶೀಲಪರೀಕ್ಷೆಯ ಕಥೆಯೆಂದು ಚರ್ಚಿಸುತ್ತಾರೆ. ಅದರೊಳಗೆ ನಡೆಯಬಹುದಾಗಿದ್ದ, ಆದರೆ ನಡೆಯದೇ ಹೋದ ಇನ್ನೊಂದು ವಿಚಾರಣೆಯಿದೆ. ಅದು ಮಾಟದ ವಿಚಾರಣೆ.

ಹೋಲಿಕೆಗೆ ಆರ್ಥರ್ ಮಿಲ್ಲರನ ‘ದಿ ಕ್ರೂಸಿಬಲ್’ (1953) ಪಕ್ಕದಲ್ಲಿರಲಿ. ಅಮೆರಿಕದ ಸೇಲಂನಲ್ಲಿ 1692ರಲ್ಲಿ ನಡೆದ ಮಾಟಗಾತಿ ವಿಚಾರಣೆಗಳ ಆ ನಾಟಕ ಎರಡು ಸಲ ಮುಖ್ಯವಾಗಿ ತೆರೆಗೆ ಬಂತು: 1957ರಲ್ಲಿ ಸಾರ್ತ್ರ್ ಚಿತ್ರಕಥೆಯೊಂದಿಗೆ ಫ್ರೆಂಚಿನಲ್ಲಿ, 1996ರಲ್ಲಿ ಸ್ವತಃ ಮಿಲ್ಲರ್ ಬರೆದ ಚಿತ್ರಕಥೆಯೊಂದಿಗೆ ನಿಕೊಲಸ್ ಹೈಟ್ನರ್ ನಿರ್ದೇಶನದಲ್ಲಿ. ಮಿಲ್ಲರ್ ಸೇಲಂಗೆ ಹೋಗಿ ನ್ಯಾಯಾಲಯದ ಕಡತ ಓದಿದವನು. ಕಾರ್ನಾಡರಿಗೆ ಎ.ಕೆ. ರಾಮಾನುಜನ್ ಹೇಳಿದ ಎರಡು ಜನಪದ ಕಥೆಗಳೇ ಕಡತ.

ಕಡತದಿಂದ ಹೊರಟ ಮಿಲ್ಲರ್ ಕಡತದಲ್ಲಿಲ್ಲದ್ದನ್ನು ಸೇರಿಸಿದ. ದಾಖಲೆಯಲ್ಲಿ ಮಾಟದ ಆರೋಪ ಹೊರಿಸಿದ ಅಬಿಗೈಲ್ ಹನ್ನೊಂದು ಹನ್ನೆರಡರ ಹುಡುಗಿ, ಆರೋಪಕ್ಕೆ ಸಿಕ್ಕಿದ ಪ್ರಾಕ್ಟರ್ ಅರವತ್ತರ ಆಸುಪಾಸಿನವನು. ಮಿಲ್ಲರ್ ಅವಳಿಗೆ ಹದಿನೇಳು ಮಾಡಿ, ಅವನಿಗೆ ಮೂವತ್ತರ ಪ್ರಾಯ ಕೊಟ್ಟು, ಇಬ್ಬರ ನಡುವೆ ಹಾದರ ಇಟ್ಟ. ಮಾಟದ ಮೊಕದ್ದಮೆಗೆ ಹಾದರವನ್ನು ತಂದವನು ಅವನು. ಕಾರ್ನಾಡರಲ್ಲಿ ಇದು ತಿರುಗುಮುರುಗು. ಮೊಕದ್ದಮೆ ಹಾದರದ್ದು, ಮಾಟವಿರುವುದು ಅಡುಗೆಮನೆಯಲ್ಲಿ.

ಆ ಅಡುಗೆಮನೆಯನ್ನು ಹತ್ತಿರದಿಂದ ನೋಡಬೇಕು. ಗಂಡ ಅಪ್ಪಣ್ಣ ರಾಣಿಯನ್ನು ಕೂಡಿಹಾಕಿ ಬೀಗ ಜಡಿದು ಸೂಳೆಯ ಮನೆಗೆ ಹೋಗುತ್ತಾನೆ. ಅವನನ್ನು ಒಲಿಸಿಕೊಳ್ಳಲೆಂದು ಮುದುಕಿ ಕುರುಡವ್ವ ಅವಳಿಗೆ ಬೇರು ತಂದುಕೊಡುತ್ತಾಳೆ. ಚಿಕ್ಕ ಬೇರನ್ನು ಅರೆದು ಹಾಲಿಗೆ ಹಾಕಿ ಕುಡಿಸಿದರೆ ಅಪ್ಪಣ್ಣ ಅಲ್ಲೇ ಕುಸಿಯುತ್ತಾನೆ. ಚೇತರಿಸಿಕೊಂಡು ಎಂದಿನಂತೆ ಹೊರಟೂಬಿಡುತ್ತಾನೆ. ದೊಡ್ಡ ಬೇರು ಸಾರಿಗೆ ಬಿದ್ದಾಗ ಸಾರು ರಕ್ತದಂತೆ ಕೆಂಪಾಗಿ ಉಕ್ಕುತ್ತದೆ. ಹೆದರಿದ ರಾಣಿ ಅದನ್ನು ಹುತ್ತಕ್ಕೆ ಸುರಿಯುತ್ತಾಳೆ. ನಾಗರಪಂಚಮಿಯಂದು ಹುತ್ತಕ್ಕೆ ತನಿ ಎರೆದು ಬಂದ ಯಾವ ಹೆಣ್ಣುಮಗಳಿಗೂ ಇದರ ಅಪಶ್ರುತಿ ತಟ್ಟನೆ ಕೇಳಿಸುತ್ತದೆ: ಹಾಲೆರೆಯುವ ಬಾಯಿಗೆ ಮದ್ದಿನ ಸಾರು. ತನಿ ಕೊಟ್ಟವಳ ಮನೆಗೆ ನಾಗ ಗಂಡನ ರೂಪದಲ್ಲಿ ಬರುತ್ತಾನೆ.

ಸೇಲಂನಲ್ಲೂ ಇಂಥದ್ದೊಂದು ಅಡುಗೆಯಿತ್ತು. ನಾಟಕದಲ್ಲಿಲ್ಲ, ಇತಿಹಾಸದಲ್ಲಿದೆ. ಹುಡುಗಿಯರಿಗೆ ಮಾಟ ಮಾಡಿದವರನ್ನು ಪತ್ತೆಹಚ್ಚಲು ಮೇರಿ ಸಿಬ್ಲಿ ಎಂಬ ನೆರೆಯವಳ ಸಲಹೆಯಂತೆ ರೈ ಹಿಟ್ಟಿಗೆ ಆ ಹುಡುಗಿಯರ ಮೂತ್ರ ಕಲಸಿ ರೊಟ್ಟಿ ಸುಟ್ಟು ನಾಯಿಗೆ ತಿನ್ನಿಸಿದರು. ಸಲಹೆ ಕೊಟ್ಟವಳು ಚರ್ಚಿನ ಸದಸ್ಯೆ. ಸಭೆಯ ಮುಂದೆ ತಪ್ಪೊಪ್ಪಿಕೊಂಡು ಪಾರಾದಳು. ಪಾದ್ರಿಯ ಮನೆಯ ಗುಲಾಮಳಾದ ಟಿಟುಬಾ ಜೈಲಿಗೆ ಹೋದಳು. ಅವಳ ಜೊತೆ ಮೊದಲಿಗೆ ಬಂಧನವಾದ ಇನ್ನಿಬ್ಬರಲ್ಲಿ ಸಾರಾ ಗುಡ್ ಭಿಕ್ಷೆ ಬೇಡುತ್ತಿದ್ದವಳು. ಕೊನೆಗೆ 19 ಮಂದಿ ನೇಣಿಗೇರಿದರು, ಗೈಲ್ಸ್ ಕೋರಿಯ ಎದೆಯ ಮೇಲೆ ಕಲ್ಲು ಹೇರಿ ಕೊಂದರು.

ಕುರುಡಿ, ಮುದುಕಿ, ಹೊತ್ತಲ್ಲದ ಹೊತ್ತಿನಲ್ಲಿ ಮಗನ ಹೆಗಲೇರಿ ಓಡಾಡುವವಳು, ಗಂಟಿನಲ್ಲಿ ಬೇರು ಇಟ್ಟುಕೊಂಡವಳು. ಸೇಲಂನಲ್ಲಾಗಿದ್ದರೆ ಕುರುಡವ್ವ ಮೊದಲ ದಿನವೇ ಸಿಕ್ಕಿಬೀಳುತ್ತಿದ್ದಳು. ಕಾರ್ನಾಡರ ಪಂಚಾಯ್ತಿ ಅವಳ ಹೆಸರನ್ನೂ ಎತ್ತುವುದಿಲ್ಲ. ಅದಕ್ಕೆ ಬೇಕಾದದ್ದು ಒಂದೇ: ಬೀಗ ಹಾಕಿದ ಮನೆಯಲ್ಲಿ ರಾಣಿ ಬಸುರಾದದ್ದು ಹೇಗೆ?

ಇಲ್ಲಿ ದಿವ್ಯದ, ಅಂದರೆ ಆರೋಪಿಯ ನಿಜ-ಸುಳ್ಳು ತೀರ್ಮಾನಿಸುವ ಪರೀಕ್ಷೆಯ, ಮಾತು ಬರುತ್ತದೆ. ಯಾಜ್ಞವಲ್ಕ್ಯ ಸ್ಮೃತಿ ಹೇಳುವ ದಿವ್ಯಗಳು ಐದು: ತುಲೆ, ಅಗ್ನಿ, ಜಲ, ವಿಷ, ಕೋಶ. ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿ ಕೂತು ಇದಕ್ಕೆ ‘ಮಿತಾಕ್ಷರಾ’ ವ್ಯಾಖ್ಯಾನ ಬರೆದವನು ವಿಜ್ಞಾನೇಶ್ವರ. ಸ್ಮೃತಿಯ ಪ್ರಕಾರ ಹೆಂಗಸರು, ಮಕ್ಕಳು, ಮುದುಕರು, ಕುರುಡರಿಗೆ ತುಲಾದಿವ್ಯ, ಅಂದರೆ ತಕ್ಕಡಿಯಲ್ಲಿ ತೂಗುವುದು. ಶಾಸ್ತ್ರ ನೋಡಿದ್ದರೆ ರಾಣಿ ತಕ್ಕಡಿ ಹತ್ತಬೇಕಿತ್ತು (ಕುರುಡವ್ವನೂ ಹತ್ತಬಹುದಿತ್ತು). ಆದರೆ ಊರಿನ ರೂಢಿ ಕಾದ ಕಬ್ಬಿಣ. ರಾಣಿ ಅದನ್ನು ಬಿಟ್ಟು ಹುತ್ತದೊಳಗೆ ಕೈಯಿಡುತ್ತಾಳೆ. ಈ ಹಾವಿನ ಪರೀಕ್ಷೆ ಸ್ಮೃತಿಯ ಐದರಲ್ಲಿಲ್ಲ, ಕನ್ನಡದಲ್ಲಿದೆ. ಹಾವಿರುವ ಕೊಡಕ್ಕೆ ಕೈಹಾಕುವ ಘಟಸರ್ಪ ಬಸವಣ್ಣನ ವಚನವೊಂದರಲ್ಲಿ ಭಕ್ತಿಯ ಅಪಾಯಕ್ಕೆ ಹೋಲಿಕೆಯಾಗಿ ಬರುತ್ತದೆ. ವಿಜ್ಞಾನೇಶ್ವರನ ಕಲ್ಯಾಣದಲ್ಲೇ, ಅವನ ನಂತರದ ಒಂದೆರಡು ತಲೆಮಾರಿನಲ್ಲಿ, ಕೇಳುಗರಿಗೆ ವಿವರಿಸುವ ಅಗತ್ಯವಿಲ್ಲದಷ್ಟು ಪರಿಚಿತ ಪದ ಅದು. ಕಾರ್ನಾಡರು ಘಟದ ಜಾಗದಲ್ಲಿ ಹುತ್ತ ಇಟ್ಟರು ಅಷ್ಟೆ.

ಗಂಡನನ್ನೂ ಈ ಹಾವನ್ನೂ ಬಿಟ್ಟು ಯಾರನ್ನೂ ಮುಟ್ಟಿಲ್ಲವೆಂಬ ಅರ್ಥದಲ್ಲಿ ರಾಣಿ ಆಣೆ ಮಾಡುತ್ತಾಳೆ. ಅಕ್ಷರಶಃ ನಿಜ; ಆ ನಿಜ ಎಷ್ಟು ದೊಡ್ಡದೆಂದು ಹೇಳಿದವಳಿಗೇ ಗೊತ್ತಿಲ್ಲ. ನಾಗ ಹೆಡೆಯೆತ್ತಿ ನೆರಳು ಕೊಡುತ್ತದೆ, ಊರು ಅವಳನ್ನು ದೇವಿಯೆನ್ನುತ್ತದೆ. ಸೇಲಂನಲ್ಲಿ ಲೆಕ್ಕ ಬೇರೆ. ಮಾಟಗಾತಿ ಹೌದೆಂದು ಸುಳ್ಳು ಒಪ್ಪಿಕೊಂಡವರು ಉಳಿದರು, ಅಲ್ಲವೆಂದು ನಿಜ ಹೇಳಿದವರು ಸತ್ತರು. ಮಿಲ್ಲರನ ನಾಟಕದಲ್ಲಿ ಪ್ರಾಕ್ಟರನ ಹೆಂಡತಿ ಎಲಿಜಬೆತ್ ಗಂಡನ ಮಾನ ಉಳಿಸಲು ಹೇಳಿದ ಒಂದೇ ಸುಳ್ಳು ಅವನನ್ನು ಮುಳುಗಿಸುತ್ತದೆ.

ತೆರೆಗೆ ಬಂದಾಗ ಏನಾಯಿತು? ಮಿಲ್ಲರನ ರಂಗದಲ್ಲಿ ಹುಡುಗಿಯರು ಕಾಡಿನಲ್ಲಿ ಕುಣಿದದ್ದು ಬರೀ ಕೇಳಿದ ಸುದ್ದಿ. ಪರದೆ ಏಳುವುದು ಹುಡುಗಿ ಮಲಗಿದ ಕೋಣೆಯಲ್ಲಿ. 1996ರ ಸಿನಿಮಾ ಆ ಕುಣಿತದಿಂದಲೇ ಶುರುವಾಗುತ್ತದೆ. ಯಾರಿಗೂ ಸಿಗಬಾರದಿದ್ದ ಸಾಕ್ಷ್ಯ ಪ್ರೇಕ್ಷಕನ ಕೈಗೆ ಮೊದಲೇ ಸಿಕ್ಕಿಬಿಡುತ್ತದೆ. ನನ್ನ ಮಟ್ಟಿಗೆ ಇದು ನಷ್ಟ.

ನಾಗಾಭರಣರು ಬೇರೆಡೆ ಕತ್ತರಿಸಿದರು. ನಾಟಕದಲ್ಲಿ ಪಾಳು ಗುಡಿಗೆ ರಾತ್ರಿ ದೀಪದ ಕುಡಿಗಳು ಬಂದು ಕೂತು ಕಥೆ ಕೇಳುತ್ತವೆ, ಮುಕ್ತಾಯ ಒಪ್ಪಿಗೆಯಾಗದೆ ತಕರಾರು ತೆಗೆಯುತ್ತವೆ. ನಿಜವಾದ ಗಂಡ ಹಾಸಿಗೆಗೆ ಬಂದಾಗ ರಾಣಿಗೆ ವ್ಯತ್ಯಾಸ ತಿಳಿಯಲಿಲ್ಲವೇ ಎಂಬ ಅನುಮಾನ ಏಳುವುದು ಅಲ್ಲೇ. ಆ ಚೌಕಟ್ಟನ್ನು ಸಿನಿಮಾ ಬಿಟ್ಟಿತು. ಪ್ರಕಾಶ್ ರೈ ಅಪ್ಪಣ್ಣನೂ ನಾಗನೂ ಆಗಿ, ವಿಜಯಲಕ್ಷ್ಮಿ ರಾಣಿಯಾಗಿ, ಸಿ. ಅಶ್ವಥ್ ಸಂಗೀತದ ಹಾಡುಗಳೊಂದಿಗೆ ಕಥೆ ಸಲೀಸಾಗಿ ಸಾಗುತ್ತದೆ. ಆದರೆ ಪಂಚಾಯ್ತಿಯ ತೀರ್ಪನ್ನು ಮರುದಿನ ಕೆದಕುವ ಬಾಯಿಗಳು ಇಲ್ಲವಾದವು. ಬಿ. ಜಯಶ್ರೀ ಕುರುಡವ್ವನಿಗೆ ಕೊಟ್ಟ ಮೈಭಾರ ಎಷ್ಟೆಂದರೆ, ವಿಚಾರಣೆಯಲ್ಲಿ ಅವಳ ಮಾತೇ ಬರದಿರುವುದು ಇನ್ನಷ್ಟು ಎದ್ದುಕಾಣುತ್ತದೆ.

ಇಂದಿನ ಕಾನೂನಿನ ನೋಟ ಆ ಪಂಚಾಯ್ತಿಯ ನೋಟಕ್ಕೆ ವಿರುದ್ಧ. ಕರ್ನಾಟಕದ 2017ರ ವಾಮಾಚಾರ ತಡೆ ಕಾಯ್ದೆ ಹೆಣ್ಣಿನ ಶೀಲ ಕೇಳುವುದಿಲ್ಲ. ಹಾವು ಕಚ್ಚಿದವರನ್ನು ಆಸ್ಪತ್ರೆಗೆ ಬಿಡದೆ ಮಂತ್ರ ಹಾಕುವವರಂಥವರನ್ನು ಹಿಡಿಯುತ್ತದೆ. ಅದರ ಮುಂದೆ ರಾಣಿಯಲ್ಲ, ಬೇರು ಕೊಟ್ಟವಳು ಉತ್ತರ ಹೇಳಬೇಕಾದೀತು. ನಾಟಕದ ಕುರುಡವ್ವ ಅಷ್ಟು ಹೊತ್ತಿಗೆ ಯಾವ ಪಂಚಾಯ್ತಿಗೂ ಸಿಗುವ ಸ್ಥಿತಿಯಲ್ಲಿಲ್ಲ. ಹೆಗಲ ಮೇಲೆ ಹೊತ್ತು ತಿರುಗುತ್ತಿದ್ದ ಮಗ ಕಪ್ಪಣ್ಣ ಒಂದು ರಾತ್ರಿ ಯಾವಳೋ ಮಾಯಾವಿಯ ಹಿಂದೆ ಹೋದವನು ತಿರುಗಿ ಬರಲಿಲ್ಲ. ಕತ್ತಲಲ್ಲಿ ಅವನ ಹೆಸರು ಕೂಗುತ್ತ ಅವಳು ಬೀದಿ ತಡವುತ್ತಿದ್ದಾಳೆ.